ಒಂದು ಕೈಯಲ್ಲಿ ಷೇರುಪತ್ರ, ಇನ್ನೊಂದು ಕೈಯಲ್ಲಿ ಮತಪತ್ರ

ಬ್ರಿಟನ್ನಿನಲ್ಲಿ ಬ್ಯಾಂಕಿನ ಷೇರು ಇಟ್ಟುಕೊಂಡ ಇಬ್ಬರು ಹಿರಿಯರು ಒಂದೆಡೆ ಕೂತರೆ ಮಾತು ಡಿವಿಡೆಂಡಿನಿಂದ ಶುರುವಾಗಿ ಮೀನಿಗೆ ಹೋಗಿ ಮುಟ್ಟುತ್ತದೆ. ನಡುವೆ ನಾಲ್ಕಾರು ಪ್ರಧಾನಿಗಳು ಬಂದು ಹೋಗುತ್ತಾರೆ. ಸ್ಕಾಟ್ಲೆಂಡ್ ಬೇರೆಯಾಗಬೇಕೇ ಎನ್ನುವುದು ಬರುತ್ತದೆ, ಉತ್ತರ ಐರ್ಲೆಂಡಿಗೆ ಸಾಸೇಜು ಕಳಿಸಬಹುದೇ ಎನ್ನುವುದು ಬರುತ್ತದೆ, ಫ್ರಾನ್ಸಿನವರ ಮೇಲೆ ಒಬ್ಬರಿಗೆ ಸಿಟ್ಟು ಬರುತ್ತದೆ, ಆ ಸಿಟ್ಟನ್ನು ಕಂಡು ಇನ್ನೊಬ್ಬರಿಗೆ ಸಿಟ್ಟು ಬರುತ್ತದೆ. ಬ್ಯಾಂಕು ಎಷ್ಟು ಸಾಲ ಕೊಟ್ಟಿದೆ, ಅದರಲ್ಲಿ ಎಷ್ಟು ವಾಪಸ್ ಬಂದೀತು ಎಂಬ ಲೆಕ್ಕಕ್ಕೆ ಕೊನೆಗೆ ಹೊತ್ತೇ ಉಳಿಯುವುದಿಲ್ಲ. ಪಶ್ಚಿಮ ಯಾರ್ಕ್‌ಶೈರಿಗೆ ಬಂದು ನೆಲೆಸಿದ ಮೇಲೆ ಇಂಥ ಹರಟೆಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಹೊರಗಿನವರಿಗೆ ಮಾತು ಹಳಿ ತಪ್ಪಿತು ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಇಲ್ಲಿನ ಸಣ್ಣ ಷೇರುದಾರರಿಗೆ ಬ್ಯಾಂಕಿನ ಷೇರು ಎಂದರೆ ದೇಶದ ಮೇಲೆ ನಂಬಿಕೆಯಿಟ್ಟು ಹಾಕಿದ ಉಳಿತಾಯ. ದೇಶದ ಮಾತು ಬಿಟ್ಟು ಅದರ ಮಾತಾಡಲು ಆಗುವುದೇ ಇಲ್ಲ.

ಇದು ನನಗೆ ಬೇಗ ಅರ್ಥವಾಗಲು ಕಾರಣ ನಾನು ಹುಟ್ಟಿ ಬೆಳೆದ ಕರಾವಳಿ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ನಮ್ಮ ಕಡೆ ಬ್ಯಾಂಕಿನ ಷೇರು ಎಂದರೆ ಮನೆತನದ ಮಾತು. ಗೋದ್ರೇಜ್ ಕಪಾಟಿನಲ್ಲಿ ಜಾಗದ ಆರ್‌ಟಿಸಿ, ಮಕ್ಕಳ ಜಾತಕದ ಜೊತೆಗೇ ಷೇರುಪತ್ರದ ಕಟ್ಟು ಇರುತ್ತಿತ್ತು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋದಾಗ 1000 ವಿಜಯಾ ಷೇರಿಗೆ ಬರೋಡಾದ 402 ಷೇರು ಎಂದು ಲೆಕ್ಕವಾಯಿತು. ಆ ಹೊತ್ತಿಗೆ ಕರಾವಳಿಯಲ್ಲಿ ಎದ್ದ ಮಾತುಗಳಲ್ಲಿ 402 ಸರಿಯೋ ತಪ್ಪೋ ಎಂಬುದು ಒಂದು ಪಾಲು ಮಾತ್ರ. ಲಾಭದಲ್ಲಿದ್ದ ನಮ್ಮ ಬ್ಯಾಂಕನ್ನು ದಿಲ್ಲಿಯಲ್ಲಿ ಕೂತು ಯಾರು, ಯಾಕೆ ಮುಗಿಸಿದರು ಎಂಬುದೇ ದೊಡ್ಡ ಪಾಲು.

ಪಶ್ಚಿಮ ಯಾರ್ಕ್‌ಶೈರಿನ ಊರು ಹ್ಯಾಲಿಫ್ಯಾಕ್ಸಿನ ಕಥೆಯೂ ಅದೇ ಜಾಡಿನದು. 1853ರಲ್ಲಿ ಆ ಊರಿನವರು ಸ್ವಂತ ಮನೆ ಕಟ್ಟಿಕೊಳ್ಳಲು ಒಬ್ಬರಿಗೊಬ್ಬರು ಸಾಲ ಕೊಡುವ ಸಹಕಾರಿ ಸಂಸ್ಥೆ ಮಾಡಿಕೊಂಡರು. ಅದು ಬೆಳೆದು ಬ್ರಿಟನ್ನಿನ ಅತಿ ದೊಡ್ಡ ಗೃಹಸಾಲ ಸಂಸ್ಥೆಯಾಯಿತು. 1997ರ ಜೂನ್‌ನಲ್ಲಿ ಅದನ್ನು ಷೇರುಪೇಟೆಗೆ ತಂದು ಬ್ಯಾಂಕ್ ಮಾಡಿದರು. ಖಾತೆ ಇದ್ದವರಿಗೆಲ್ಲ, ಅಂದರೆ 70 ಲಕ್ಷಕ್ಕೂ ಹೆಚ್ಚು ಜನಕ್ಕೆ, ಪುಕ್ಕಟೆ ಷೇರು ಬಂತು. ಬಸ್ ಡ್ರೈವರ್, ನರ್ಸ್, ಉಣ್ಣೆ ಗಿರಣಿಯಲ್ಲಿ ದುಡಿದು ನಿವೃತ್ತರಾದವರು, ಶಾಲೆಯ ಮೇಷ್ಟ್ರು, ಎಲ್ಲರೂ ರಾತ್ರಿ ಬೆಳಗಾಗುವುದರೊಳಗೆ ಬ್ಯಾಂಕಿನ ಪಾಲುದಾರರು. ಬಹಳ ಜನ ಆಗಲೇ ಮಾರಿ ರಜೆಗೆ ಹೋದರು, ಅಡುಗೆಮನೆ ಹೊಸದು ಮಾಡಿಸಿದರು. ಮಾರದೆ ಇಟ್ಟುಕೊಂಡವರು 2001ರಲ್ಲಿ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಜೊತೆ ಸೇರಿ ಎಚ್‌ಬಿಒಎಸ್ ಎಂಬ ಹೊಸ ಬ್ಯಾಂಕಿನ ಷೇರುದಾರರಾದರು, 2009ರ ಜನವರಿಯಲ್ಲಿ ಲಾಯ್ಡ್ಸ್ ಬ್ಯಾಂಕಿನ ಷೇರುದಾರರಾದರು.

ಆ ಎರಡನೆಯ ಸೇರ್ಪಡೆಯ ಲೆಕ್ಕವನ್ನು ಹತ್ತಿರದಿಂದ ನೋಡಬೇಕು. 2007ರ ಆರಂಭದಲ್ಲಿ ಎಚ್‌ಬಿಒಎಸ್ ಷೇರಿನ ಬೆಲೆ 11 ಪೌಂಡ್ ದಾಟಿತ್ತು. 1000 ಷೇರು ಇದ್ದವರ ಬಳಿ 11,000 ಪೌಂಡ್. 2008ರ ಬಿಕ್ಕಟ್ಟಿನಲ್ಲಿ ಬ್ಯಾಂಕು ಮುಳುಗುವ ಹಂತಕ್ಕೆ ಬಂದಾಗ ಲಾಯ್ಡ್ಸ್ ಅದನ್ನು ಕೊಂಡುಕೊಂಡಿತು. ಮೊದಲು ಒಂದು ಷೇರಿಗೆ 0.83 ಲಾಯ್ಡ್ಸ್ ಷೇರು ಎಂದವರು ಆಮೇಲೆ 0.605ಕ್ಕೆ ಇಳಿಸಿದರು. ಸಾವಿರ ಷೇರು 605 ಆಯಿತು. ಡಿವಿಡೆಂಡ್ ನಿಂತಿತು. 2015ರಲ್ಲಿ ಅದು ಮತ್ತೆ ಬಂದಾಗ ಷೇರಿಗೆ ಮುಕ್ಕಾಲು ಪೆನ್ನಿ, 605 ಷೇರಿಗೆ ನಾಲ್ಕೂವರೆ ಪೌಂಡ್. ನಮ್ಮ ಬೀದಿಯ ಹಿರಿಯರೊಬ್ಬರು ಆ ಡಿವಿಡೆಂಡಿನ ಚೀಟಿಯನ್ನು ಎಸೆಯದೆ ಇಟ್ಟುಕೊಂಡಿದ್ದಾರೆ. ಮೂಲೆಯಲ್ಲಿ ಲಾಯ್ಡ್ಸಿನ ಕಪ್ಪು ಕುದುರೆ, ಕೆಳಗೆ ಆ ಚಿಕ್ಕ ಮೊತ್ತ. ಮಡಿಸಿ ಮಡಿಸಿ ಮಡಿಕೆಯಲ್ಲಿ ಕಾಗದ ಸವೆದಿದೆ.

ಅಷ್ಟರಲ್ಲಿ ಸರಕಾರವೂ ಷೇರುದಾರನಾಗಿತ್ತು. ಲಾಯ್ಡ್ಸಿಗೆ 2,030 ಕೋಟಿ ಪೌಂಡ್ ಸುರಿದು ಶೇ. 43ರಷ್ಟು ಪಾಲು ತೆಗೆದುಕೊಂಡಿತು. ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡಿಗೆ 4,550 ಕೋಟಿ ಹಾಕಿ ಶೇ. 84ರಷ್ಟು. ಹಾಗಾಗಿ ತೆರಿಗೆ ಕಟ್ಟುವ ಪ್ರತಿಯೊಬ್ಬರೂ ಬ್ಯಾಂಕಿನ ಪಾಲುದಾರರೇ. ರಾಜಕೀಯ ಬೇರೆ, ಬ್ಯಾಂಕು ಬೇರೆ ಎಂದು ಯಾರು ಯಾರಿಗೆ ಹೇಳಲು ಸಾಧ್ಯವಿತ್ತು?

2016ರ ಜೂನ್ 23ರಂದು ಬ್ರೆಕ್ಸಿಟ್ ಜನಮತಗಣನೆ ನಡೆಯಿತು. ಐರೋಪ್ಯ ಒಕ್ಕೂಟದಿಂದ ಹೊರಬರಬೇಕು ಎಂದವರು ಶೇ. 51.9, ಉಳಿಯಬೇಕು ಎಂದವರು ಶೇ. 48.1. ಮಾರನೇ ದಿನ ಪೌಂಡು 1985ರಿಂದೀಚೆಗಿನ ತಳಮಟ್ಟ ಮುಟ್ಟಿತು. ಲಾಯ್ಡ್ಸ್ ಷೇರು ಒಂದೇ ದಿನದಲ್ಲಿ ಶೇ. 20ಕ್ಕೂ ಹೆಚ್ಚು ಕುಸಿದು 57 ಪೆನ್ಸ್ ಆಸುಪಾಸಿಗೆ ಬಂತು. ದಂಧೆಯ ದೊಡ್ಡ ಪಾಲನ್ನು ಏಷ್ಯಾದಲ್ಲಿ ನಡೆಸುವ ಎಚ್‌ಎಸ್‌ಬಿಸಿ ಅಷ್ಟಾಗಿ ಅಲುಗಲಿಲ್ಲ. ಲಾಯ್ಡ್ಸಿನ ವ್ಯವಹಾರ ಬಹುಪಾಲು ಬ್ರಿಟನ್ನಿನ ಒಳಗೇ: ಮನೆ ಸಾಲ, ಉಳಿತಾಯ ಖಾತೆ, ಸಣ್ಣ ಅಂಗಡಿಗಳ ಸಾಲ. ಬ್ರಿಟನ್ ಹೇಗಿದೆಯೋ ಲಾಯ್ಡ್ಸ್ ಹಾಗೆ.

ಮತದಾನದ ಪಟ್ಟಿಯನ್ನು ಬ್ಯಾಂಕಿನ ವಂಶವೃಕ್ಷದ ಪಕ್ಕದಲ್ಲಿಟ್ಟು ನೋಡಿದಾಗ ಕಂಡದ್ದು ನನ್ನನ್ನು ಈಗಲೂ ಕಾಡುತ್ತದೆ. 1695ರಿಂದ ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ತವರಾದ ಎಡಿನ್‌ಬರೋದಲ್ಲಿ ಶೇ. 74ರಷ್ಟು ಜನ ಉಳಿಯಬೇಕೆಂದರು. ಹ್ಯಾಲಿಫ್ಯಾಕ್ಸ್ ಸೇರಿರುವ ಕಾಲ್ಡರ್‌ಡೇಲ್‌ನಲ್ಲಿ ಶೇ. 55ಕ್ಕೂ ಹೆಚ್ಚು ಜನ ಹೊರಡಬೇಕೆಂದರು. 1765ರಲ್ಲಿ ಲಾಯ್ಡ್ಸ್ ಹುಟ್ಟಿದ ಬರ್ಮಿಂಗ್‌ಹ್ಯಾಮ್ ಕೂದಲೆಳೆಯ ಅಂತರದಲ್ಲಿ, ಶೇ. 50.4ರಷ್ಟು, ಹೊರಡುವ ಕಡೆಗೆ ನಿಂತಿತು. ಒಂದೇ ಬ್ಯಾಂಕಿನ ಮೂರು ಬೇರುಗಳು, ಮೂರು ಮನಸ್ಸು. ಆ ಬ್ಯಾಂಕಿನ 20 ಲಕ್ಷಕ್ಕೂ ಹೆಚ್ಚು ಷೇರುದಾರರಿಗೆ ಡಿವಿಡೆಂಡ್ ಬರುವುದು ಮಾತ್ರ ಒಂದೇ ದಿನ, ಒಂದೇ ದರದಲ್ಲಿ.

ಆ ಚೀಟಿ ಇಟ್ಟುಕೊಂಡ ಹಿರಿಯರು ಹೊರಡಬೇಕೆಂದು ಮತ ಹಾಕಿದವರು. ತಮ್ಮ ಷೇರಿಗೆ ಏಟು ಬೀಳುತ್ತದೆಂದು ಅವರಿಗೆ ಗೊತ್ತಿತ್ತು. ನಮ್ಮ ಕಾನೂನನ್ನು ನಾವು ಆರಿಸಿದವರು ಮಾಡಬೇಕು, ಬೇಡವೆಂದಾಗ ಅವರನ್ನು ಇಳಿಸುವುದಕ್ಕೂ ನಮಗೆ ಆಗಬೇಕು, ಅದಕ್ಕೆ ಬೆಲೆ ತೆರಬೇಕಾದರೆ ತೆರುತ್ತೇನೆ ಎನ್ನುವುದು ಅವರ ವಾದ. ಅವರ ಗೆಳತಿಯೊಬ್ಬರು ಎಡಿನ್‌ಬರೋ ಮೂಲದವರು, ನಿವೃತ್ತ ಶಿಕ್ಷಕಿ, ಅದೇ ಬ್ಯಾಂಕಿನ ಷೇರು ಉಳ್ಳವರು. ತೆರುವ ಬೆಲೆ ನಿಮ್ಮೊಬ್ಬರದ್ದಲ್ಲ, ನನ್ನ ಪಿಂಚಣಿಯದ್ದೂ ಹೌದು, ಓದಲು ಹೊರಟ ಮೊಮ್ಮಕ್ಕಳದ್ದೂ ಹೌದು ಎನ್ನುವುದು ಅವರ ವಾದ. ಇಬ್ಬರ ಮಾತಿನಲ್ಲೂ ತೂಕವಿದೆ. ಮನುಷ್ಯ ತನ್ನ ಷೇರಿಗೆ ಲಾಭವಾಗುವ ಕಡೆಗೇ ಮತ ಹಾಕಬೇಕು ಎನ್ನುವವರ ಜೊತೆ ನನಗೆ ಸಹಮತವಿಲ್ಲ. ಉಳಿತಾಯ ಕರಗುತ್ತದೆಂದು ತಿಳಿದೂ ಒಂದು ತತ್ವಕ್ಕೆ ಮತ ಹಾಕಿದ ಹಿರಿಯರ ಬಗ್ಗೆ, ಅವರ ತೀರ್ಮಾನ ನನಗೆ ಒಪ್ಪಿಗೆಯಾಗದಿದ್ದರೂ, ಗೌರವವಿದೆ. ಬೆಲೆಯೇ ಇಲ್ಲ, ಮರುದಿನದಿಂದಲೇ ಎಲ್ಲ ಸಲೀಸು ಎಂದು ವೇದಿಕೆ ಮೇಲೆ ನಿಂತು ಹೇಳಿದವರ ಬಗ್ಗೆ ಆ ಗೌರವ ಇಲ್ಲ.

ಒಕ್ಕೂಟದಿಂದ ಬ್ರಿಟನ್ ಹೊರಬಂದದ್ದು 2020ರ ಜನವರಿ 31ರಂದು. ಹಳೆಯ ನಿಯಮಗಳ ಅವಧಿ ಅದೇ ವರ್ಷದ ಕೊನೆಗೆ ಮುಗಿಯಿತು. ಡಿಸೆಂಬರ್ 24ರಂದು, ಇನ್ನು ಒಂದು ವಾರ ಇರುವಾಗ, ವ್ಯಾಪಾರ ಒಪ್ಪಂದ ಕುದುರಿತು. ಹೊಸ ವರ್ಷ ಹುಟ್ಟಿದ್ದೇ ತಡ, ಗಡಿಯಲ್ಲಿ ಜಗಳ ಶುರು.

ಆ ಜನವರಿಯಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ನೆದರ್‌ಲೆಂಡ್ಸ್‌ಗೆ ಬಂದಿಳಿದ ಲಾರಿ ಚಾಲಕನೊಬ್ಬನನ್ನು ಅಲ್ಲಿನ ಅಧಿಕಾರಿಗಳು ತಪಾಸಣೆ ಮಾಡುವ ದೃಶ್ಯ ಟಿವಿಯಲ್ಲಿ ಬಂತು. ಕೈಯಲ್ಲಿ ಬೆಳ್ಳಿಹಾಳೆಯಲ್ಲಿ ಸುತ್ತಿದ ಸ್ಯಾಂಡ್‌ವಿಚ್. ಒಳಗೆ ಹ್ಯಾಮ್. ಮಾಂಸ ಒಳಗೆ ತರುವಂತಿಲ್ಲ ಎಂದರು. ಮಾಂಸ ತೆಗೆದುಕೊಂಡು ಬ್ರೆಡ್ ಆದರೂ ಬಿಡಿ ಎಂದು ಆತ ಕೇಳಿದ. ಅದೂ ಆಗುವುದಿಲ್ಲ ಎಂದು ಎಲ್ಲವನ್ನೂ ತೆಗೆದುಕೊಂಡರು. ಜನ ಅದನ್ನು ನೋಡಿ ನಕ್ಕರು. ನನಗೆ ನಗು ಬರಲಿಲ್ಲ. ಒಕ್ಕೂಟದ ಹೊರಗಿನ ದೇಶದಿಂದ ಬರುವ ಯಾರಿಗಾದರೂ ಇರುವ ನಿಯಮ ಅದು, ನಾವು ಭಾರತದಿಂದ ಬರುವವರಿಗೆ ಮೊದಲಿನಿಂದಲೂ ಇದ್ದದ್ದು. ಹೊರಗಿನವರಾಗುವುದೆಂದರೆ ಏನೆಂದು ಮೊದಲ ಬಾರಿ ತಿಳಿದವನ ಮುಖ ಅದು.

ಮೀನಿನ ಜಗಳ ಇನ್ನೂ ದೊಡ್ಡದು. ಫ್ರಾನ್ಸಿನ ತೀರದಿಂದ ಕೂಗಳತೆಯಲ್ಲಿ ಜರ್ಸಿ ಎಂಬ ದ್ವೀಪವಿದೆ, ಬ್ರಿಟಿಷ್ ರಾಜಮನೆತನಕ್ಕೆ ಸೇರಿದ್ದು. ಒಪ್ಪಂದದ ಪ್ರಕಾರ ಅದರ ಸುತ್ತಲಿನ ಕಡಲಲ್ಲಿ ಮೀನು ಹಿಡಿಯಲು ಫ್ರೆಂಚ್ ದೋಣಿಗಳಿಗೆ ಹೊಸ ಪರವಾನಗಿ ಬೇಕಾಯಿತು. ಹಿಂದಿನ ವರ್ಷಗಳಲ್ಲಿ ಅಲ್ಲಿ ಮೀನು ಹಿಡಿದದ್ದಕ್ಕೆ ದಾಖಲೆ ಕೊಡಬೇಕು. ಸಣ್ಣ ದೋಣಿಗಳಲ್ಲಿ ಎಲ್ಲಿದ್ದೆವೆಂದು ಗುರುತು ಹಾಕುವ ಯಂತ್ರವೇ ಇರಲಿಲ್ಲ. ಅಪ್ಪ, ಅಜ್ಜ ಬಲೆ ಬೀಸಿದ ನೀರಿಗೆ ಯಾವ ಕಾಗದ ತೋರಿಸುವುದು? ಮಲ್ಪೆಯಲ್ಲಿ ಬೆಳಗಿನ ಹರಾಜು ನೋಡುತ್ತ ಬೆಳೆದ ನನಗೆ ಆ ದೋಣಿಯವರ ಸಂಕಟ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಫ್ರಾನ್ಸಿನ ಕಡಲ ಇಲಾಖೆಯ ಮಂತ್ರಿ ಅನಿಕ್ ಜಿರಾರ್ದಾಂ ಜರ್ಸಿಗೆ ಹೋಗುವ ಕರೆಂಟಿನ ಮಾತೆತ್ತಿದರು. ದ್ವೀಪದ ವಿದ್ಯುತ್ತಿನಲ್ಲಿ ಶೇ. 95ರಷ್ಟು ಬರುವುದು ಫ್ರಾನ್ಸಿನಿಂದ, ಕಡಲಡಿಯ ಕೇಬಲ್ಲಿನಲ್ಲಿ. 2021ರ ಮೇ 6ರ ಬೆಳಿಗ್ಗೆ ಸುಮಾರು 60 ದೋಣಿಗಳು ಸೇಂಟ್ ಹೀಲಿಯರ್ ಬಂದರಿಗೆ ಮುತ್ತಿಗೆ ಹಾಕಿದವು. ಬ್ರಿಟನ್ ಎರಡು ನೌಕಾಪಡೆಯ ಹಡಗು ಕಳಿಸಿತು, ಫ್ರಾನ್ಸೂ ತನ್ನ ಗಸ್ತು ದೋಣಿ ಕಳಿಸಿತು. ನೇಟೋ ಕೂಟದ ಎರಡು ಮಿತ್ರದೇಶಗಳು, ಶಂಖದ ಮೀನು ಮತ್ತು ಏಡಿಗಾಗಿ. ಮಧ್ಯಾಹ್ನದ ಹೊತ್ತಿಗೆ ದೋಣಿಗಳು ಹಿಂತಿರುಗಿದವು. ಪರವಾನಗಿಯ ಜಗಳ ತಿಂಗಳುಗಟ್ಟಲೆ ನಡೆಯಿತು.

ಆ ವಾರ ನಮ್ಮ ಬೀದಿಯ ಷೇರುದಾರರ ನಡುವೆ ಬೇರೆ ಮಾತೇ ಇರಲಿಲ್ಲ. ಹಿರಿಯರಿಗೆ ನೌಕಾಪಡೆ ಹೋದದ್ದು ಸರಿ ಕಂಡಿತು, ಶಿಕ್ಷಕಿಗೆ ನಾಚಿಕೆಯೆನಿಸಿತು. ಆದರೆ ಬ್ರಿಟನ್ನಿನ ಆರ್ಥಿಕತೆಯಲ್ಲಿ ಮೀನುಗಾರಿಕೆಯ ಪಾಲು ಶೇ. 0.1ರ ಆಸುಪಾಸು. ಸೇವಾವಲಯದ ಪಾಲು ಶೇ. 80ರ ಆಸುಪಾಸು, ಬ್ಯಾಂಕು, ವಿಮೆ ಎಲ್ಲ ಅದರಲ್ಲೇ. ಸಾವಿರದ ಇನ್ನೂರು ಪುಟ ಮೀರಿದ ಆ ಒಪ್ಪಂದದಲ್ಲಿ ಯಾವ ಮೀನು ಯಾರಿಗೆ ಶೇಕಡಾ ಎಷ್ಟು ಎಂದು ಕೋಷ್ಟಕಗಳಿವೆ. ಒಕ್ಕೂಟದ ಪಾಲಿನ ಮೀನಿನ ಮೌಲ್ಯದಲ್ಲಿ ಕಾಲುಭಾಗ 2026ರ ಜೂನ್‌ನೊಳಗೆ ಬ್ರಿಟನ್ನಿಗೆ ಬರಬೇಕೆಂದು ಬರೆದಿದೆ. ಲಂಡನ್ನಿನ ಬ್ಯಾಂಕೊಂದು ಒಂದೇ ಪರವಾನಗಿಯಿಂದ ಯುರೋಪಿನಾದ್ಯಂತ ವ್ಯವಹಾರ ಮಾಡಬಹುದಾಗಿದ್ದ ಹಕ್ಕು ಮಾತ್ರ ಸದ್ದಿಲ್ಲದೆ ಹೋಯಿತು. ಯುರೋಪಿನಲ್ಲಿ ನೆಲೆಸಿದ್ದ ಸಾವಿರಾರು ಬ್ರಿಟಿಷ್ ಗ್ರಾಹಕರಿಗೆ ನಿಮ್ಮ ಖಾತೆ ಮುಚ್ಚುತ್ತೇವೆ ಎಂಬ ಪತ್ರ ಬಂತು. 2021ರ ಜನವರಿಯಲ್ಲಿ ಷೇರು ವಹಿವಾಟಿನಲ್ಲಿ ಆಮ್‌ಸ್ಟರ್‌ಡ್ಯಾಮ್ ಲಂಡನ್ನನ್ನು ಹಿಂದೆ ಹಾಕಿತು. ಹಣಕಾಸು ಸೇವೆಗಳ ಬಗ್ಗೆ ಎರಡೂ ಕಡೆಯವರು ಆಗಾಗ ಕೂತು ಮಾತಾಡೋಣ ಎಂಬಷ್ಟೇ ಅರ್ಥದ ಕಾಗದಕ್ಕೆ ಸಹಿ ಬಿದ್ದದ್ದು 2023ರ ಜೂನ್‌ನಲ್ಲಿ.

ಯಾವ ಹಡಗೂ ಅದಕ್ಕಾಗಿ ಹೊರಡಲಿಲ್ಲ. ಬ್ಯಾಂಕಿನ ಷೇರುದಾರರೇ ಬ್ಯಾಂಕಿನ ಪಾಲು ಹೋದದ್ದನ್ನು ಬಿಟ್ಟು ಮೀನಿನ ಪಾಲಿಗಾಗಿ ಜಗಳವಾಡಿದರು. ಮೀನು ಕಣ್ಣಿಗೆ ಕಾಣುತ್ತದೆ, ಕಡಲಿಗೆ ಗಡಿ ಇದೆ, ಮೀನುಗಾರನಿಗೆ ಮುಖವಿದೆ. ಹಣಕಾಸು ಪರವಾನಗಿಗೆ ಮುಖವಿಲ್ಲ. ಮಾತುಕತೆಗೆ ಕೂತವರಿಗೂ ಇದು ಚೆನ್ನಾಗಿ ಗೊತ್ತಿತ್ತು. ಜನರ ಭಾವನೆ ಎಲ್ಲಿದೆಯೋ ಅಲ್ಲಿ ಗೆಲುವು ತೋರಿಸಿ, ದುಡ್ಡು ಎಲ್ಲಿದೆಯೋ ಅಲ್ಲಿ ಬಿಟ್ಟುಕೊಟ್ಟರು. ಗ್ರಿಮ್ಸ್‌ಬಿಯಂಥ ಮೀನಿನ ಊರಿಗಾದರೂ ಒಳಿತಾಯಿತೇ ಎಂದರೆ ಅಲ್ಲಿನ ಕಾರ್ಖಾನೆಗಳು ಬಹುಪಾಲು ಐಸ್‌ಲೆಂಡ್, ನಾರ್ವೆಯ ಮೀನನ್ನು ಹಸನು ಮಾಡಿ ಕಳಿಸುವಂಥವು. ಅವಕ್ಕೆ ಬೇಕಿದ್ದದ್ದು ಹೆಚ್ಚು ಕಡಲಲ್ಲ, ಕಡಿಮೆ ಕಾಗದಪತ್ರ.

ಬೇರೆಯಾದ ಮೇಲಿನ ವ್ಯಾಪಾರದ ಜಗಳ ನಮಗೆ ಹೊಸದಲ್ಲ. 1949ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಪೌಂಡಿನ ಮೌಲ್ಯ ಇಳಿಸಿತು, ಭಾರತ ರೂಪಾಯಿಯ ಮೌಲ್ಯ ಇಳಿಸಿತು, ಪಾಕಿಸ್ತಾನ ಇಳಿಸಲಿಲ್ಲ. ಪಾಕಿಸ್ತಾನದ 100 ರೂಪಾಯಿಗೆ ಭಾರತದ 144 ಎಂಬ ದರವನ್ನು ದಿಲ್ಲಿ ಒಪ್ಪಲಿಲ್ಲ. ಸೆಣಬಿನ ಗಿರಣಿಗಳು ಕಲ್ಕತ್ತೆಯಲ್ಲಿ, ಸೆಣಬು ಬೆಳೆಯುವ ಹೊಲಗಳು ಪೂರ್ವ ಬಂಗಾಳದಲ್ಲಿ. ವ್ಯಾಪಾರ ಕಟ್ಟಿಹೋಯಿತು. 1951ರ ಫೆಬ್ರುವರಿಯಲ್ಲಿ ಭಾರತ ಆ ದರ ಒಪ್ಪುವ ಹೊತ್ತಿಗೆ ಆಚೆಯವರು ತಮ್ಮದೇ ಗಿರಣಿ ಕಟ್ಟಲು, ಈಚೆಯವರು ತಮ್ಮದೇ ಸೆಣಬು ಬೆಳೆಯಲು ಶುರುಮಾಡಿದ್ದರು. ಒಮ್ಮೆ ಹಾಗೆ ಬೇರೆ ದಾರಿ ಹಿಡಿದ ವ್ಯಾಪಾರ ಹಳೆಯ ದಾರಿಗೆ ಪೂರ್ತಿಯಾಗಿ ಮರಳಲಿಲ್ಲ. ಬ್ರಿಟನ್ನಿನ ಬ್ಯಾಂಕುಗಳು ಡಬ್ಲಿನ್, ಫ್ರಾಂಕ್‌ಫರ್ಟ್, ಬರ್ಲಿನ್‌ನಲ್ಲಿ ತೆರೆದ ಹೊಸ ಕಚೇರಿಗಳ ಸುದ್ದಿ ಓದುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಇಷ್ಟಾದರೂ ಷೇರಿನ ಬೆಲೆ ಕುಸಿದದ್ದಕ್ಕೆಲ್ಲ ಬ್ರೆಕ್ಸಿಟ್ ಕಾರಣ ಎಂದರೆ ಅದು ಸುಳ್ಳಾಗುತ್ತದೆ. 2020ರ ಮಾರ್ಚ್ ಕೊನೆಗೆ, ಕೋವಿಡ್ ಕಾಲದಲ್ಲಿ, ನಿಯಂತ್ರಕರ ಕೋರಿಕೆಯಂತೆ ಲಾಯ್ಡ್ಸ್ 2.25 ಪೆನ್ಸ್ ಡಿವಿಡೆಂಡ್ ರದ್ದುಮಾಡಿತು. ಆ ಸೆಪ್ಟೆಂಬರಿನಲ್ಲಿ ಷೇರು 25 ಪೆನ್ಸಿಗೂ ಕೆಳಗೆ ಹೋಯಿತು. 605 ಷೇರಿನ ಬೆಲೆ 150 ಪೌಂಡ್. ಬ್ಯಾಂಕ್ ಆಫ್ ಇಂಗ್ಲೆಂಡಿನ ಬಡ್ಡಿದರ ಜನಮತಗಣನೆಯ ಬಳಿಕ ಶೇ. 0.5ರಿಂದ 0.25ಕ್ಕೆ, ಕೋವಿಡ್‌ನಲ್ಲಿ ಶೇ. 0.1ಕ್ಕೆ ಇಳಿದಿತ್ತು. ಬಡ್ಡಿಯೇ ಇಲ್ಲದಾಗ ಸಾಲಕ್ಕೂ ಠೇವಣಿಗೂ ನಡುವಿನ ಅಂತರದಲ್ಲಿ ಬದುಕುವ ಬ್ಯಾಂಕಿಗೆ ಲಾಭ ಎಲ್ಲಿಂದ? 2021ರ ಡಿಸೆಂಬರಿನಿಂದ ದರ ಏರತೊಡಗಿ 2023ರ ಆಗಸ್ಟಿನಲ್ಲಿ ಶೇ. 5.25 ಮುಟ್ಟಿತು. ಆ ವರ್ಷ ಲಾಯ್ಡ್ಸಿನ ತೆರಿಗೆಪೂರ್ವ ಲಾಭ 750 ಕೋಟಿ ಪೌಂಡ್.

ಷೇರುದಾರರ ಮುಖದಲ್ಲಿ ನಗು ಕಾಣಬೇಕಿತ್ತು. ಆದರೆ 2022ರ ಸೆಪ್ಟೆಂಬರ್ 23ರಂದು ಲಿಜ್ ಟ್ರಸ್ ಸರಕಾರ ದುಡ್ಡಿನ ಮೂಲ ಹೇಳದೆ ತೆರಿಗೆ ಕಡಿತ ಘೋಷಿಸಿದಾಗ ಗೃಹಸಾಲದ ಯೋಜನೆಗಳನ್ನು ಬ್ಯಾಂಕುಗಳು ದಿನ ಬೆಳಗಾಗುವುದರೊಳಗೆ ಹಿಂದಕ್ಕೆ ಪಡೆದವು, ಮತ್ತೆ ಕೊಟ್ಟಾಗ ಬಡ್ಡಿ ಮೇಲೇರಿತ್ತು. ಹಿರಿಯರ ಮಗಳ ಮನೆಸಾಲದ ಹಳೆಯ ದರದ ಅವಧಿ ಆಗಲೇ ಮುಗಿದದ್ದು. ಅಪ್ಪನ ಡಿವಿಡೆಂಡ್ ಏರಿದ ಕಾಲಕ್ಕೇ ಮಗಳ ಕಂತೂ ಏರಿತು. ಅವರಿಗೆ ಬಂದ ಡಿವಿಡೆಂಡ್ ಮಗಳ ಒಂದು ತಿಂಗಳ ಹೆಚ್ಚುವರಿ ಕಂತಿಗೂ ಸಾಲಲಿಲ್ಲ. ಆ ದಿನಗಳಲ್ಲಿ ಅವರೂ ಶಿಕ್ಷಕಿಯೂ ಜಗಳವಾಡದೆ ಕೂತು ಆ ಸಾಲದ ಕಾಗದಗಳನ್ನು ಒಟ್ಟಿಗೇ ಓದಿದರು.

ಈಗ ಸರಕಾರ ಬ್ಯಾಂಕುಗಳಿಂದ ಹೊರಬಂದಿದೆ. ಲಾಯ್ಡ್ಸಿನ ಪಾಲನ್ನು 2017ರ ಮೇ ತಿಂಗಳಲ್ಲಿ ಪೂರ್ತಿ ಮಾರಿ, ತಾನು ಹಾಕಿದ ದುಡ್ಡಿಗಿಂತ ತುಸು ಹೆಚ್ಚೇ ಪಡೆಯಿತು. ನ್ಯಾಟ್‌ವೆಸ್ಟ್ ಎಂದು ಹೆಸರು ಬದಲಿಸಿಕೊಂಡ ರಾಯಲ್ ಬ್ಯಾಂಕಿನ ಕೊನೆಯ ಷೇರು ಮಾರಿದ್ದು 2025ರ ಮೇ 30ರಂದು, 1,000 ಕೋಟಿ ಪೌಂಡಿಗೂ ಮಿಕ್ಕ ನಷ್ಟದಲ್ಲಿ. ಅದೇ ಮೇ 19ರಂದು ಲಂಡನ್ನಿನಲ್ಲಿ ಬ್ರಿಟನ್ನಿನ ಪ್ರಧಾನಿ ಕೀರ್ ಸ್ಟಾರ್ಮರ್ ಮತ್ತು ಐರೋಪ್ಯ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೆಯೆನ್ ಸಂಬಂಧ ಸರಿಪಡಿಸುವ ಒಪ್ಪಂದ ಮಾಡಿಕೊಂಡರು. ಆಹಾರ ಪದಾರ್ಥಗಳ ತಪಾಸಣೆ ಕಡಿಮೆ ಮಾಡುವ ಮಾತಾಯಿತು. ಬದಲಿಗೆ ಒಕ್ಕೂಟದ ದೋಣಿಗಳಿಗೆ ಬ್ರಿಟನ್ನಿನ ಕಡಲಲ್ಲಿ 2038ರವರೆಗೆ ಪ್ರವೇಶ. ಹಿರಿಯರಿಗೆ ಇದು ದ್ರೋಹ. ಶಿಕ್ಷಕಿಗೆ ಇದು ಬಹಳ ತಡವಾಗಿ ಬಂದ ಬುದ್ಧಿ. ಬ್ಯಾಂಕುಗಳ ಆ ಹಳೆಯ ಹಕ್ಕು ಈ ಸಲವೂ ಮೇಜಿನ ಮೇಲೆ ಇರಲಿಲ್ಲ, ಇಬ್ಬರೂ ಅದನ್ನು ಎತ್ತಲಿಲ್ಲ. ನಾನು ಎತ್ತಿದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡು ಮತ್ತೆ ಮೀನಿಗೆ ಹೋದರು.

ಈ ಸಲದ ಮೀನು ಸ್ಯಾಂಡೀಲ್, ಮರಳಿನಲ್ಲಿ ಹುದುಗಿರುವ ಪುಟ್ಟ ಮೀನು. ಪಫಿನ್ ಹಕ್ಕಿಗಳು ಮರಿಗಳಿಗೆ ತಿನ್ನಿಸುವುದು ಇದನ್ನೇ, ಡೆನ್ಮಾರ್ಕಿನ ದೋಣಿಗಳು ಮೀನುಹಿಟ್ಟಿಗಾಗಿ ಹಿಡಿಯುವುದೂ ಇದನ್ನೇ. ಹಕ್ಕಿಗಳನ್ನು ಉಳಿಸಲು 2024ರಲ್ಲಿ ಬ್ರಿಟನ್ ಉತ್ತರ ಸಮುದ್ರದ ತನ್ನ ಪಾಲಿನಲ್ಲಿ ಅದನ್ನು ಹಿಡಿಯುವುದನ್ನು ನಿಲ್ಲಿಸಿತು. ಒಕ್ಕೂಟ ಮಧ್ಯಸ್ಥಿಕೆ ಕೋರಿತು. 2025ರ ಮೇ ತಿಂಗಳಲ್ಲಿ ತೀರ್ಪು ಬಂತು: ಸ್ಕಾಟ್ಲೆಂಡಿನ ಕಡಲಲ್ಲಿ ನಿಷೇಧ ಸರಿ, ಇಂಗ್ಲೆಂಡಿನ ಕಡಲಲ್ಲಿ ನಿಷೇಧ ತರುವಾಗ ಒಪ್ಪಂದದ ಹಕ್ಕುಗಳನ್ನು ಸರಿಯಾಗಿ ತೂಗಿ ನೋಡಿಲ್ಲ. ಒಂದೇ ದೇಶದ ಎರಡು ಕಡಲಿಗೆ ಎರಡು ತೀರ್ಪು. ಶಿಕ್ಷಕಿ ಅಲ್ಲಿಗೆ ಸ್ಕಾಟ್ಲೆಂಡಿನ ಮಾತು ತೆಗೆದರು. 2014ರಲ್ಲಿ ಸ್ಕಾಟ್ಲೆಂಡ್ ಬೇರೆಯಾಗುವುದಕ್ಕೆ ಶೇ. 55ರಷ್ಟು ಜನ ಬೇಡವೆಂದಿದ್ದರು. ಆ ಮತದಾನಕ್ಕೆ ಮುಂಚೆ ಲಾಯ್ಡ್ಸ್, ಬೇರೆಯಾಗುವುದಾದರೆ ಎಡಿನ್‌ಬರೋದಲ್ಲಿರುವ ತನ್ನ ನೋಂದಾಯಿತ ಕಚೇರಿಯನ್ನು ಲಂಡನ್ನಿಗೆ ಒಯ್ಯುತ್ತೇನೆ ಎಂದಿತ್ತು. ಇನ್ನೊಮ್ಮೆ ಮತದಾನ ಬಂದರೆ ಯಾವ ಕಡೆಗೆ ಹಾಕುತ್ತೀರಿ ಎಂದು ಹಿರಿಯರು ಅವರನ್ನು ಕೇಳಿದರು. ಬೇರೆಯಾಗುವ ಕಡೆಗೆ ಎಂದರು ಆಕೆ. ಷೇರಿನ ಗತಿ ಎಂದರು ಹಿರಿಯರು. ಅದು ದುಡ್ಡಿನ ಪ್ರಶ್ನೆಯಲ್ಲ ಎಂದು ಆಕೆ ಹೇಳಿದರು. ಹಿರಿಯರು ಒಪ್ಪಲಿಲ್ಲ, ಆ ಸಂಜೆ ಪೂರ್ತಿ ಅದೇ ವಾದ ನಡೆಯಿತು.